ಮೂವತ್ತೊಂಬತ್ತನೇ ಕಂತಿನ ಸೇತುವೆ

ರಸ್ತೆ ಮತ್ತು ಸೇತುವೆಗಳ ಕಚೇರಿಯ ದಾಖಲೆ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಕೂತಿರುವ ಗುಮಾಸ್ತರನ್ನು ಇಡೀ ಕಚೇರಿ ಪೂರ್ಣವಿರಾಮ ಎಂದು ಕರೆಯುತ್ತದೆ. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು. ಅವರ ಕೆಲಸ ಇಷ್ಟೇ. ಮುಗಿದ ಕಾಮಗಾರಿಯ ಕಡತ ಮೇಜಿಗೆ ಬಂದರೆ ಕೊನೆಯ ಹಾಳೆಯಲ್ಲಿ 'ಕಾಮಗಾರಿ ಪೂರ್ಣಗೊಂಡಿದೆ' ಎಂದು ಬರೆದು, ಸಹಿ ಹಾಕಿ, ಬಿಳಿ ಲಾಡಿಯಿಂದ ಕಟ್ಟಿ ಕಪಾಟಿಗೆ ಸೇರಿಸುವುದು. ಸೇತುವೆ ನಿಜಕ್ಕೂ ಪೂರ್ಣಗೊಂಡಿದೆಯೇ ಎಂದು ಹೋಗಿ ನೋಡುವುದು ಅವರ ಕೆಲಸವಲ್ಲ. ಅದು ಯಾರ ಕೆಲಸ ಎಂಬ ಕಡತ ಇನ್ನೂ ಓಡಾಡುತ್ತಿದೆ.

ಅರ್ಧ ಎಂಬುದು ಅವರ ಮೈಗೆ ಒಗ್ಗದು. ಅರ್ಧ ಕುಡಿದ ಚಹಾ ಬಿಟ್ಟು ಏಳುವವರಲ್ಲ, ಅರ್ಧ ಕೇಳಿದ ಜಗಳ ಬಿಟ್ಟು ಬಸ್ಸಿಳಿಯುವವರಲ್ಲ. ಒಮ್ಮೆ ಹಿಂದಿನ ಸೀಟಿನ ಗಂಡ ಹೆಂಡಿರ ಜಗಳ ಏನಾಯಿತೆಂದು ತಿಳಿಯಲು ಮೂರು ನಿಲ್ದಾಣ ಮುಂದೆ ಹೋಗಿ, ರಾಜಿಯಾದ ಮೇಲೆ ಇಳಿದು, ಸಮಾಧಾನದಿಂದ ನಡೆದು ಬಂದಿದ್ದರು. ಇಂಥವರ ಬದುಕಿನಲ್ಲಿ ಒಂದೇ ಒಂದು ಕಡತ ಮೂವತ್ತನಾಲ್ಕು ವರ್ಷದಿಂದ ಲಾಡಿ ಕಟ್ಟದೆ ಬಿದ್ದಿತ್ತು. ಅದು ಒಂದು ಆಮೆಯ ಕಡತ.

ಅವರಿಗೆ ಎಂಟು ವರ್ಷವಾಗಿದ್ದಾಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟಿವಿಯಲ್ಲಿ 'ಲಾಂದ್ರದ ಆಮೆ' ಎಂಬ ಕಾರ್ಟೂನು ಬರುತ್ತಿತ್ತು. ಬೆನ್ನ ಮೇಲೆ ಲಾಂದ್ರ ಕಟ್ಟಿಕೊಂಡ ಆಮೆಯೊಂದು ಸಮುದ್ರ ಹುಡುಕಿಕೊಂಡು ಹೊರಟಿರುತ್ತದೆ. ವಾರಕ್ಕೆ ಅರ್ಧ ಗಂಟೆ ನಡೆಯುತ್ತದೆ. ಆಮೆಗೆ ಆ ವೇಗ ಸಾಕಾಗುತ್ತಿತ್ತು, ಬೀದಿಯ ಮಕ್ಕಳಿಗೆ ಸಾಕಾಗುತ್ತಿರಲಿಲ್ಲ. ಇಡೀ ಬೀದಿಗೆ ಇದ್ದ ಒಂದೇ ಟಿವಿ ದರ್ಜಿಯದು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ತುದಿಗೆ, ನೂಲಿನ ಉಂಡೆಗಳ ನಡುವೆ ಅದು ಕೂತಿರುತ್ತಿತ್ತು. ದರ್ಜಿಯ ಹೊಲಿಗೆ ಯಂತ್ರಕ್ಕೆ ಮೋಟಾರು ಬಂದ ಮೇಲೆ ಅದು ಓಡಿದಾಗಲೆಲ್ಲ ಟಿವಿಯಲ್ಲಿ ಆಮೆಯ ಮೇಲೆ ಹಿಮ ಸುರಿಯುತ್ತಿತ್ತು. ಹತ್ತು ಗಂಟೆಗೆ ದರ್ಜಿ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, 'ಹೂಂ, ಹೊರಡಪ್ಪಾ' ಎಂದು ಆಮೆಗೆ ಅಪ್ಪಣೆ ಕೊಡುತ್ತಿದ್ದ. ಆಗ ನೆಲದ ಚಿಂದಿ ಬಟ್ಟೆಯ ರಾಶಿಯ ಮೇಲೆ ಕೂತು ನೋಡಿದವರಿಗೆ ಈಗಲೂ ಹೊಸ ಬಟ್ಟೆಯ ವಾಸನೆ ಬಂದರೆ ಸಮುದ್ರ ನೆನಪಾಗುತ್ತದೆ.

ಪುಟ್ಟ ಮತ್ತು ಅವನ ಅಕ್ಕ ಮೂವತ್ತೆಂಟು ಕಂತು ಹೀಗೆ ಕೂತು ನೋಡಿದರು. ಪುಟ್ಟ ಎಂದರೆ ಪೂರ್ಣವಿರಾಮದವರು. ಅಕ್ಕನ ಬಾಯಲ್ಲಿ ಅವರು ಇವತ್ತಿಗೂ ಪುಟ್ಟನೇ. ಮೂವತ್ತೆಂಟನೇ ಕಂತು ಮುಗಿದ ಉತ್ಸಾಹದಲ್ಲಿ ಪುಟ್ಟ ದರ್ಜಿಯ ಸೀಮೆಸುಣ್ಣದಿಂದ ಯಾರದೋ ಮದುವೆಯ ಕೋಟಿನ ಬೆನ್ನಿಗೆ ಆಮೆ ಬರೆದ. ಚಿತ್ರ ಚೆನ್ನಾಗಿಯೇ ಇತ್ತಂತೆ. ದರ್ಜಿ ಇಬ್ಬರನ್ನೂ ಅಂಗಡಿಯಿಂದ ಗಡೀಪಾರು ಮಾಡಿದ.

ಹಾಗಾಗಿ ಮೂವತ್ತೊಂಬತ್ತನೇ ಕಂತನ್ನು ಅಂಗಡಿಯ ಹಿಂಬದಿಯ ಗವಾಕ್ಷಿಯಿಂದ ನೋಡಬೇಕಾಯಿತು. ಗವಾಕ್ಷಿ ಎತ್ತರದಲ್ಲಿತ್ತು. ಹನ್ನೆರಡು ವರ್ಷದ ಅಕ್ಕ ಕೆಳಗೆ ನಿಂತಳು, ಪುಟ್ಟ ಅವಳ ಹೆಗಲ ಮೇಲೆ ನಿಂತು ಕಂಡದ್ದನ್ನೆಲ್ಲ ಕೆಳಕ್ಕೆ ವರದಿ ಮಾಡಿದ. ಆಮೆ ಹಗ್ಗದ ಸೇತುವೆಯ ನಡುವೆ ಬಂದಿದೆ. ಏಳನೇ ಹಲಗೆ ಇಲ್ಲ. ಕೆಳಗೆ ಕಾಣದಷ್ಟು ಆಳ. ಆಮೆ ಬಲಗಾಲು ಎತ್ತಿತು. ಅದರ ಜೊತೆಗೆ ಪುಟ್ಟನೂ ಬಲಗಾಲು ಎತ್ತಿದ.

ಅಕ್ಕನ ಕಾಲು ಎರಡು ಕಡೆ ಮುರಿದಿತ್ತು. ಮೇಲ್ಮಹಡಿಯ ಕೋಣೆಯಲ್ಲಿ ಹದಿಮೂರು ವಾರ ಅಲ್ಲಾಡಬಾರದು ಎಂದು ಡಾಕ್ಟರು ಪ್ಲಾಸ್ಟರು ಹಾಕಿದರು. ಅವಳು ಅತ್ತದ್ದು ಕಾಲಿಗಲ್ಲ, ಹದಿಮೂರು ಭಾನುವಾರಕ್ಕೆ. ನಾನು ನೋಡಿ ಬಂದು ಹೇಳುತ್ತೇನೆ ಎಂದು ಪುಟ್ಟ ಮಾತು ಕೊಟ್ಟ.

ಮುಂದಿನ ಭಾನುವಾರ ಹತ್ತು ಗಂಟೆಗೆ, ಎರಡು ಡಬ್ಬಗಳ ಮೇಲೆ ಹತ್ತಿ ಗವಾಕ್ಷಿಯಿಂದ ಇಣುಕಿದರೆ, ಟೋಪಿ ಹಾಕಿದ ಗಂಭೀರ ಮನುಷ್ಯರೊಬ್ಬರು ಜೇನು ಸಾಕಾಣಿಕೆಯ ಬಗ್ಗೆ ಕೆಲವು ಸಲಹೆಗಳನ್ನು ನೀಡುತ್ತಿದ್ದರು. ಅದರ ಮುಂದಿನ ವಾರವೂ ಅವರೇ. ಆಮೆ ಬರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ದರ್ಜಿ ಗುಂಡುಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡು ಯಂತ್ರ ಶುರುಮಾಡಿದ, ಜೇನುಹುಳಗಳ ಮೇಲೆ ಹಿಮ ಬಿತ್ತು.

ಆ ಮೊದಲ ಭಾನುವಾರ ಪುಟ್ಟ ಮೆಟ್ಟಿಲು ಹತ್ತಿ ಹೋದಾಗ ಅಕ್ಕ ದಿಂಬಿಗೆ ಒರಗಿ, ತಲೆ ಬಾಚಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು ಕಾಯುತ್ತಿದ್ದಳು. ಆ ಮುಖ ನೋಡಿ ಅವನು ಬಾಯಿ ತೆರೆದ, ಬಾಯಿಂದ ನಲವತ್ತನೇ ಕಂತು ಬಂತು. ಆಮೇಲೆ ವಾರಕ್ಕೊಂದರಂತೆ ಬರುತ್ತಲೇ ಹೋಯಿತು. ಹದಿಮೂರನೇ ವಾರ ಪ್ಲಾಸ್ಟರು ಬಿಚ್ಚಿದರು, ಆಮೆ ಸಮುದ್ರ ಸೇರಿತು. 'ಲಾಂದ್ರದ ಆಮೆ'ಯಲ್ಲಿ ಒಟ್ಟು ಐವತ್ತೆರಡು ಕಂತು ಎಂಬ ನಂಬಿಕೆಗೆ ಇರುವ ಆಧಾರ ಆ ಡಾಕ್ಟರ ಲೆಕ್ಕ ಒಂದೇ.

ಇಷ್ಟಕ್ಕೇ ನಿಂತಿದ್ದರೆ ಅದು ಮಕ್ಕಳಾಟವಾಗಿ ಮುಗಿಯುತ್ತಿತ್ತು. ಆದರೆ ಅಕ್ಕ ದೊಡ್ಡವರಾಗಿ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. ಇಪ್ಪತ್ತೆರಡು ವರ್ಷದಿಂದ ಪ್ರತಿ ಹೊಸ ತರಗತಿಗೂ ನಲವತ್ತಾರನೇ ಕಂತು ಹೇಳುತ್ತ ಬಂದರು. ಊರವರ ಕೊಡೆಗಳನ್ನೆಲ್ಲ ರಿಪೇರಿ ಮಾಡುವ ಕಾಗೆಯ ಸ್ವಂತ ಕೊಡೆ ತೂತಾಗಿರುತ್ತದೆ, ಆಮೆ ಅದನ್ನು ಹೊಲಿದು ಕೊಡುತ್ತದೆ, ಅದು ಆ ಕಂತು. ಶಾಲೆಯ ಗೋಡೆಯ ಮೇಲೆ ಆ ಕಾಗೆಯ ಚಿತ್ರವಿದೆ.

ಈ ವರ್ಷ ಅಕ್ಕ ಶಾಲೆಗೆಂದು 'ಲಾಂದ್ರದ ಆಮೆ'ಯ ಡಿಸ್ಕುಗಳ ಪೆಟ್ಟಿಗೆ ತರಿಸಿದರು. ಸಂಪೂರ್ಣ ಸರಣಿ ಎಂದು ಮೇಲೆ ಅಚ್ಚಾಗಿತ್ತು. ಒಳಗಿದ್ದದ್ದು ಮೂವತ್ತೊಂಬತ್ತು ಕಂತು.

ಅಕ್ಕ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರು. ಇರುವುದೇ ಅಷ್ಟು ಮೇಡಂ ಎಂದ ಆ ಬಡಪಾಯಿ. ಐವತ್ತೆರಡನ್ನೂ ನನ್ನ ಸ್ವಂತ ತಮ್ಮ ಕಣ್ಣಾರೆ ನೋಡಿದ್ದಾನೆ ಎಂದರು ಅಕ್ಕ. ಆಮೇಲೆ ತಮ್ಮನಿಗೆ ಫೋನು ಮಾಡಿದರು. ಅಂಗಡಿಯವನ ಮೇಲೆ ಗ್ರಾಹಕರ ನ್ಯಾಯಾಲಯದಲ್ಲಿ ದೂರು ಕೊಡುತ್ತಾರಂತೆ, ಬರುವ ಸೋಮವಾರ. ಸಾಕ್ಷಿ ಬೇಕು.

"ನೀನು ಜಾಸ್ತಿ ಏನೂ ಬರೀಬೇಡ ಪುಟ್ಟಾ. ನಲವತ್ತರಿಂದ ಐವತ್ತೆರಡರ ತನಕ ನೋಡಿದ್ದೀನಿ ಅಂತ ಬರೆದು ಸಹಿ ಹಾಕು. ನೀನು ಸುಳ್ಳು ಹೇಳೋನಲ್ಲ ಅಂತ ಅವರಿಗೆ ನಾನು ಹೇಳ್ತೀನಿ."

ಪೂರ್ಣವಿರಾಮದವರು ಫೋನು ಇಟ್ಟು ಹೆಂಡತಿಯನ್ನು ಕರೆದರು. ಅವರ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ಜಗತ್ತಿನ ಎಲ್ಲ ತೊಂದರೆಗೂ ಅವರ ಹತ್ತಿರ ಗುಳಿಗೆಯ ಹಾಗೆ ಒಂದು ಪ್ರಮಾಣ ಉಂಟು. ವಿಷಯ ಕೇಳಿ ಅವರು, ಊಟ ಆದ ಮೇಲೆ ಒಂದು ಸಲ ಫೋನು ಮಾಡಿ ನಿಜ ಹೇಳಿಬಿಡಿ, ಎರಡು ನಿಮಿಷದ ಕೆಲಸ ಎಂದರು. ಮೂವತ್ತನಾಲ್ಕು ವರ್ಷದ ಸುಳ್ಳನ್ನು ಎರಡು ನಿಮಿಷದಲ್ಲಿ ಹೇಗೆ ಹೇಳುವುದು ಎಂದು ಇವರು. ಹಾಗಾದರೆ ದಿನಕ್ಕೆ ಎರಡು ಕಂತಿನಂತೆ ಹೇಳಿ ಎಂದರು ಅವರು.

ನಿಜ ಹೇಳಬೇಕೆಂದರೆ, ಪೂರ್ಣವಿರಾಮದವರಿಗೆ ಇನ್ನೂ ಒಂದು ಆಸೆ ಇತ್ತು. ಆ ಕಂತುಗಳು ಎಲ್ಲೋ ಇರಬೇಕು. ಇಷ್ಟು ದೊಡ್ಡ ಆಮೆಯನ್ನು ಯಾರಾದರೂ ಕಾಲೆತ್ತಿಸಿ ನಿಲ್ಲಿಸಿ ಮನೆಗೆ ಹೋಗುತ್ತಾರೆಯೇ. ತಮ್ಮ ಊರಿಗೆ ಬರಲಿಲ್ಲ ಅಷ್ಟೆ. ಬೇರೆ ಯಾವುದೋ ಊರಿನ ಯಾವುದೋ ದರ್ಜಿಯ ಅಂಗಡಿಯಲ್ಲಿ ಅದು ಸೇತುವೆ ದಾಟಿರಬೇಕು. ಟಿವಿ ಕೇಂದ್ರಕ್ಕೆ ಒಂದು ಪತ್ರ ಬರೆದರೆ ತಿಳಿಯುತ್ತದೆ.

ಮರುದಿನ ಊಟದ ಬಿಡುವಿನಲ್ಲಿ ಪತ್ರ ಬರೆಯಲು ಕೂತರು. ಪತ್ರ ಎಂದರೆ ಅವರಿಗೆ ಗೊತ್ತಿರುವುದು ಒಂದೇ ಬಗೆ. ಕಂಪ್ಯೂಟರಿನಲ್ಲಿದ್ದ ಕಚೇರಿಯ ನಮೂನೆ ತೆರೆದರು.

'ವಿಷಯ: ಅಪೂರ್ಣ ಸೇತುವೆಯ ಮೇಲೆ ಮೂವತ್ತನಾಲ್ಕು ವರ್ಷಗಳಿಂದ ನಿಂತಿರುವ ಪ್ರಯಾಣಿಕರ ಕುರಿತು. ಉಲ್ಲೇಖ: ತಮ್ಮ ಮೂವತ್ತೊಂಬತ್ತನೇ ಕಂತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಪ್ರಯಾಣಿಕರು ಬಲಗಾಲನ್ನು ಎತ್ತಿದ ಸ್ಥಿತಿಯಲ್ಲಿದ್ದು, ಏಳನೇ ಹಲಗೆ ಇಲ್ಲದಿರುವುದು ಕಂಡುಬಂದಿರುತ್ತದೆ. ಸದರಿಯವರು ಆಚೆ ದಡ ತಲುಪಿದರೆಂದು ಕೆಳಗೆ ಸಹಿ ಮಾಡಿರುವವನು ತನ್ನ ಅಕ್ಕನಿಗೆ ಹದಿಮೂರು ವಾರಗಳ ಕಾಲ ಸುಳ್ಳು ಮಾಹಿತಿ ನೀಡಿದ್ದು, ಸದರಿ ಮಾಹಿತಿಯನ್ನು ತಾವು ನಿಜ ಮಾಡಿಕೊಡಬೇಕಾಗಿ ಕೋರಿದೆ.'

ಕೆಳಗೆ ನಮೂನೆಯಲ್ಲಿ ಮೊದಲೇ ಅಚ್ಚಾಗಿದ್ದ ಸಾಲುಗಳಿದ್ದವು. ಪ್ರತಿ, ಸಾಹೇಬರ ಅವಗಾಹನೆಗೆ. ಪ್ರತಿ, ದೂರುದಾರರ ಮಾಹಿತಿಗೆ. ದೂರುದಾರರ ವಿಳಾಸ ಎಂಬ ಜಾಗ ಖಾಲಿ ಇತ್ತು. ಖಾಲಿ ಜಾಗ ಬಿಡುವುದು ಪೂರ್ಣವಿರಾಮದವರ ಜಾಯಮಾನದಲ್ಲಿಲ್ಲ. ದೂರಿರುವುದು ಅಕ್ಕನದು ತಾನೆ. ಶಾಲೆಯ ವಿಳಾಸವನ್ನು ಪಿನ್ ಕೋಡ್ ಸಮೇತ ತುಂಬಿದರು. ಸಹಿ ಹಾಕಿ, ಮೇಜಿನ ಮೇಲಿಟ್ಟು, ಲಕೋಟೆ ತರಲು ಎದುರಿನ ಅಂಗಡಿಗೆ ಹೋದರು.

ಆ ಹೊತ್ತಿಗೆ ಟಪಾಲಮ್ಮ ಬಂದರು. ಕಚೇರಿಯ ಕಾಗದಗಳನ್ನೆಲ್ಲ ಹೊರಗೆ ಕಳಿಸುವವರು ಅವರು. ಅವರಿಗೆ ಕಾಗದದಲ್ಲಿ ಕಾಣುವುದು ಮೂರೇ: ವಿಷಯ, ವಿಳಾಸ, ಸಹಿ. ಮೂರೂ ಇದ್ದ ಕಾಗದ ಮೇಜಿನ ಮೇಲೆ ಬಿದ್ದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಎತ್ತಿಕೊಂಡು ಹೋಗಿ, ನಂಬರು ಹಾಕಿ, ಪ್ರತಿಗಳನ್ನು ಮಾಡಿ, ಯಾರ್ಯಾರಿಗೆ ಹೋಗಬೇಕೋ ಅವರವರಿಗೆ ರವಾನಿಸಿಬಿಟ್ಟರು.

ಪೂರ್ಣವಿರಾಮದವರು ಲಕೋಟೆ ಹಿಡಿದು ಓಡಿ ಬಂದಾಗ ಟಪಾಲಮ್ಮ ಕೈ ತೊಳೆದುಕೊಳ್ಳುತ್ತಿದ್ದರು.

"ಅಕ್ಕನ ಪ್ರತಿ ಒಂದಾದರೂ ವಾಪಸ್ ಕೊಡಿ."

"ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಹೋದದ್ದು ವಾಪಸ್ ಬಂದಿಲ್ಲ ಸಾರ್," ಎಂದರು ಟಪಾಲಮ್ಮ. "ನೀವು ಹೆದರಬೇಡಿ, ರಿಜಿಸ್ಟರ್ ಮಾಡಿದ್ದೀನಿ. ಅವರ ಕೈಗೇ ತಲುಪುತ್ತೆ, ಸಹಿ ಮಾಡಿದ ಚೀಟಿ ಇಲ್ಲಿಗೆ ಬರುತ್ತೆ."

ಸಾಂತ್ವನ ಎಂದರೆ ಹೀಗಿರಬೇಕು.

ಸಾಹೇಬರ ಪ್ರತಿ ಸಾಹೇಬರನ್ನು ಅದೇ ಮಧ್ಯಾಹ್ನ ತಲುಪಿತು. ನಮ್ಮ ಸಾಹೇಬರು ಒಳ್ಳೆಯವರು. ಪ್ರತಿಯೊಂದು ಪತ್ರದ ವಿಷಯವನ್ನು ತಪ್ಪದೆ ಓದುತ್ತಾರೆ. ಅದರ ಕೆಳಗೆ ಏನಿದೆ ಎಂಬುದು ಅಧೀನ ಸಿಬ್ಬಂದಿಗೆ ಬಿಟ್ಟದ್ದು, ಅಧೀನ ಸಿಬ್ಬಂದಿ ಅದನ್ನು ಸಾಹೇಬರು ಓದಿರುತ್ತಾರೆ ಎಂದು ಬಿಡುತ್ತಾರೆ. ಮೂವತ್ತನಾಲ್ಕು ವರ್ಷದಿಂದ ಒಬ್ಬ ಪ್ರಯಾಣಿಕ ನಮ್ಮ ಸೇತುವೆಯ ಮೇಲೆ ನಿಂತಿದ್ದಾನೆ ಎಂದು ತಿಳಿದು ಸಾಹೇಬರಿಗೆ ಬೆವರು ಬಂತು. ತುರ್ತು ಸಭೆ ಕರೆದರು.

ದಕ್ಷಿಣ ವಿಭಾಗದ ಇಂಜಿನಿಯರು, ತಮ್ಮ ಕಡೆ ಅಪೂರ್ಣ ಸೇತುವೆಗಳು ಬೇಕಾದಷ್ಟಿವೆ, ಆದರೆ ಒಂದರ ಮೇಲೂ ಜನ ಹತ್ತುವ ಹಾಗಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಉತ್ತರ ವಿಭಾಗದ ಕಿರಿಯ ಇಂಜಿನಿಯರು, ಹೊಸಬ, ಏನೂ ಹೇಳದೆ ಎರಡು ದಿನ ಕಾಲಾವಕಾಶ ಕೇಳಿದ. ಪೂರ್ಣವಿರಾಮದವರು ಧೈರ್ಯ ಮಾಡಿ ಎದ್ದು ನಿಂತರು.

"ಸಾರ್, ಅದು ಆಮೆ."

"ನಮ್ಮ ವೇಗದ ಬಗ್ಗೆ ಪತ್ರಿಕೆಯವರು ಬರೆಯೋದೇ ಸಾಕು," ಎಂದರು ಸಾಹೇಬರು ನೊಂದು. "ಒಳಗಿನವರು ನೀವೂ ಹಾಗೆ ಅಂದರೆ ಹೇಗೆ. ಕೂತ್ಕೊಳ್ಳಿ."

ಅವರು ಕೂತರು.

ಎರಡು ದಿನಕ್ಕೆ ಸರಿಯಾಗಿ ಕಿರಿಯ ಇಂಜಿನಿಯರನ ವರದಿ ಬಂತು. ಹೊಸಬನಾದರೂ ಕೆಲಸ ಬೇಗ ಕಲಿತಿದ್ದ. 'ಸ್ಥಳ ಪರಿಶೀಲಿಸಲಾಯಿತು. ಇಲ್ಲದಿದ್ದ ಏಳನೇ ಹಲಗೆಯನ್ನು ಅಳವಡಿಸಲಾಗಿದೆ. ಪ್ರಯಾಣಿಕರನ್ನು ಸುರಕ್ಷಿತವಾಗಿ ಆಚೆ ದಡಕ್ಕೆ ತಲುಪಿಸಲಾಗಿದೆ. ಸದರಿಯವರು ಇಲಾಖೆಗೆ ಧನ್ಯವಾದ ತಿಳಿಸಿರುತ್ತಾರೆ.' ಸಾಹೇಬರು ನಿಟ್ಟುಸಿರು ಬಿಟ್ಟು ಅನುಮೋದಿಸಿದರು. ಲಾಡಿ ಕಟ್ಟಲು ಕಡತ ಪೂರ್ಣವಿರಾಮದವರ ಮೇಜಿಗೆ ಬಂತು. ಹದಿನೆಂಟು ವರ್ಷದಲ್ಲಿ ಇಂಥ ಎಷ್ಟು ವರದಿಗಳಿಗೆ ಅವರು ಲಾಡಿ ಕಟ್ಟಿಲ್ಲ. ಅವತ್ತು ಮಾತ್ರ ಆ ಹಾಳೆಯನ್ನು ನಾಲ್ಕು ಸಲ ಓದಿದರು. ಎಂಟು ವರ್ಷದ ಹುಡುಗ ಹದಿಮೂರು ವಾರ ಕಷ್ಟಪಟ್ಟು ಮಾಡಿದ್ದನ್ನು ಇಲಾಖೆ ನಾಲ್ಕು ಸಾಲಿನಲ್ಲಿ ಮುಗಿಸಿತ್ತು.

ಶುಕ್ರವಾರ ಎರಡು ಟಪಾಲು ಬಂದವು. ಒಂದು ಟಿವಿ ಕೇಂದ್ರದ್ದು. ಅಲ್ಲಿ ಯಾರೋ ಪುಣ್ಯಾತ್ಮರು ವಿಷಯದ ಕೆಳಗಿನದನ್ನೂ ಓದಿದ್ದರು. ಆ ಸರಣಿಯನ್ನು ತಯಾರಿಸುತ್ತಿದ್ದ ಸಂಸ್ಥೆ ಅದೇ ವರ್ಷ ಮುಚ್ಚಿತು, ಮೂವತ್ತೊಂಬತ್ತರ ಮುಂದೆ ಒಂದು ಚಿತ್ರವನ್ನೂ ಬರೆದಿರಲಿಲ್ಲ, ಆಮೆ ಮುಂದೆ ಏನು ಮಾಡಬೇಕೆಂದು ಅವರು ಯೋಚಿಸಿದ್ದರೋ ಇಲ್ಲವೋ ತಿಳಿಯದು, ನಾವೂ ಚಿಕ್ಕವರಿದ್ದಾಗ ಅದನ್ನು ನೋಡುತ್ತಿದ್ದೆವು, ಎಂದು ಬರೆದಿದ್ದರು.

ಪೂರ್ಣವಿರಾಮದವರು ಆ ಪತ್ರ ಮಡಿಸಿ ಜೇಬಿನಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ಮೇಜಿನ ಮೇಲೆ ಅರ್ಧ ಕುಡಿದ ಚಹಾ ಆರಿ ಹೋಯಿತು. ಕಚೇರಿಯಲ್ಲಿ ಇದನ್ನು ಗಮನಿಸದವರಿಲ್ಲ. ಆರೋಗ್ಯ ಸರಿ ಇಲ್ಲವೇ ಎಂದು ಸಾಹೇಬರೇ ಕೇಳಿ ಕಳಿಸಿದರು.

ಎರಡನೆಯದು ರಿಜಿಸ್ಟರಿನ ಚೀಟಿ. ಅದರಲ್ಲಿ ಅಕ್ಕನ ಸಹಿ ಇತ್ತು, ದಿನಾಂಕ ಬುಧವಾರದ್ದು. ಟಪಾಲಮ್ಮ ಅದನ್ನು ಬಹುಮಾನದಂತೆ ತಂದುಕೊಟ್ಟರು. ಅಂದರೆ ಅಕ್ಕ ಓದಿ ಎರಡು ದಿನವಾಗಿತ್ತು. ಫೋನು ಬಂದಿರಲಿಲ್ಲ. ದಿನಕ್ಕೆರಡು ಸಲ ಫೋನು ಮಾಡುವ ಅಕ್ಕ ಸುಮ್ಮನಿದ್ದಾರೆ ಎಂದರೆ ಏನರ್ಥವೆಂದು ಅವರ ಶಾಲೆಯ ಒಂದನೇ ತರಗತಿಯ ಮಗುವಿಗೂ ಗೊತ್ತು.

ಶನಿವಾರ ಸಂಜೆ ಅಕ್ಕನೇ ಬಂದರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಡಿಸ್ಕಿನ ಪೆಟ್ಟಿಗೆ. ಹಳೆಯ ಕಾಲು ಮೆಟ್ಟಿಲು ಹತ್ತುವಾಗ ಇನ್ನೂ ಸ್ವಲ್ಪ ಎಳೆಯುತ್ತದೆ. ತಮ್ಮನ ಹೆಂಡತಿ ಕೊಟ್ಟ ನೀರು ಕುಡಿದು, ಸೋಫಾದಲ್ಲಿ ನೆಟ್ಟಗೆ ಕೂತು, ಬ್ಯಾಗಿನಿಂದ ಪತ್ರದ ಪ್ರತಿ ತೆಗೆದರು. ಅದರ ಮೇಲೆಲ್ಲ ಕೆಂಪು ಶಾಯಿ. 'ಸದರಿ' ಎಂಬ ಪದ ಮೂರು ಸಲ ಬಂದದ್ದಕ್ಕೆ ಗೀಟು ಬಿದ್ದಿತ್ತು. ಅಂಚಿನಲ್ಲಿ 'ಅಕ್ಷರ ದುಂಡಗಿರಲಿ' ಎಂದಿತ್ತು. ಅದು ಸಹಿಯ ಬಗ್ಗೆ ಇರಬೇಕು, ಉಳಿದದ್ದೆಲ್ಲ ಕಂಪ್ಯೂಟರಿನದು.

ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ ಎಂದರು. ಇಪ್ಪತ್ತೆರಡು ವರ್ಷ ಬೇರೆಯವರಿಂದ ಅದನ್ನು ಹೇಳಿಸಿದವರಿಗೆ ತಾವೇ ಹೇಳುವುದು ರೂಢಿಯಿರಲಿಲ್ಲವಂತೆ. ಮೊದಲ ಸಲ ಅವನಿಗೆ ಅರ್ಥವೇ ಆಗಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತಂತೆ.

ಪೂರ್ಣವಿರಾಮದವರು ಬಾಗಿಲ ಬಳಿ ನಿಂತೇ ಇದ್ದರು. ಅಕ್ಕ ತಲೆ ಎತ್ತಿ ನೋಡಿದರು.

"ನಲವತ್ತಾರೂನಾ?"

"ಹೂಂ."

"ಕೊಡೆ ರಿಪೇರಿ ಕಾಗೆ?"

"ಆ ವಾರ ನಿನ್ನ ಕಿಟಕಿ ಹೊರಗೆ ಒಂದು ಕಾಗೆ ನೆನೀತಾ ಕೂತಿತ್ತು. ಬೇರೇನೂ ಹೊಳೀಲಿಲ್ಲ ಅಕ್ಕ."

ಅಕ್ಕ ಪತ್ರವನ್ನು ಮಡಿಸಿ ಬ್ಯಾಗಿಗೆ ಹಾಕಿದರು. ಶಾಲೆಯ ಗೋಡೆಯ ಮೇಲೆ ಬಣ್ಣ ಬಣ್ಣದ ಆ ಕಾಗೆ ಇತ್ತಲ್ಲ, ಅದನ್ನು ಈಗ ಏನು ಮಾಡಬೇಕೆಂದು ಯೋಚಿಸುತ್ತಿದ್ದರೋ ಏನೋ. ಪೂರ್ಣವಿರಾಮದವರು ಬೇರೆ ದಾರಿ ಕಾಣದೆ ಚೀಲದಿಂದ ಕಚೇರಿಯ ವರದಿಯ ಪ್ರತಿ ತೆಗೆದುಕೊಟ್ಟರು. ಅಕ್ಕ ಓದಿದರು. 'ಸದರಿಯವರು ಇಲಾಖೆಗೆ ಧನ್ಯವಾದ ತಿಳಿಸಿರುತ್ತಾರೆ' ಎಂಬಲ್ಲಿ ಕೆಂಪು ಪೆನ್ನು ತೆಗೆದರು, ಮತ್ತೆ ಒಳಗಿಟ್ಟರು.

"ಈ ಹುಡುಗನಿಗೆ ಕಥೆ ಹೇಳೋಕೆ ಬರಲ್ಲ," ಎಂದರು. "ಹಲಗೆ ಎಲ್ಲಿಂದ ಬಂತು ಅಂತಾನೇ ಬರೆದಿಲ್ಲ. ನೀನು ಎಂಟು ವರ್ಷಕ್ಕೇ ಇವನಿಗಿಂತ ಚೆನ್ನಾಗಿ ಹೇಳ್ತಿದ್ದೆ."

ಆಮೇಲೆ ಡಿಸ್ಕಿನ ಪೆಟ್ಟಿಗೆ ಮುಂದಿಟ್ಟರು. ಮೂವತ್ತೆಂಟರ ತನಕ ಶಾಲೆಯ ಮಕ್ಕಳ ಜೊತೆ ನೋಡಿದ್ದರಂತೆ. ಮೂವತ್ತೊಂಬತ್ತನ್ನು ಬಿಟ್ಟಿದ್ದರು. "ಅವತ್ತು ನಾನು ಕೆಳಗಿದ್ದೆ," ಎಂದರು ಅಷ್ಟೆ.

ಮೂವರೂ ಕೂತು ನೋಡಿದರು. ಚಿತ್ರ ಮಸುಕಾಗಿತ್ತು, ಹಾಡು ನೆನಪಿದ್ದದ್ದಕ್ಕಿಂತ ಗಿಡ್ಡ, ಲಾಂದ್ರ ನೆನಪಿದ್ದದ್ದಕ್ಕಿಂತ ಸಣ್ಣದು. ಸೇತುವೆ ಬಂತು. ಹಲಗೆಗಳನ್ನು ಅಕ್ಕ ಬೆರಳು ಮಡಿಸಿ ಎಣಿಸಿದರು. ಏಳನೆಯದು ನಿಜಕ್ಕೂ ಇರಲಿಲ್ಲ. ಆಮೆ ಬಲಗಾಲು ಎತ್ತಿತು. ಪೂರ್ಣವಿರಾಮದವರಿಗೆ ಗೊತ್ತಿದ್ದದ್ದು ಅಲ್ಲಿಯವರೆಗೆ. ಅಲ್ಲಿಂದಾಚೆಗೆ ಅವರು ಅಕ್ಕನ ಮೇಲೆ ಬಿದ್ದಿದ್ದರು.

ಟಿವಿಯಲ್ಲಿ ಇನ್ನೂ ಹತ್ತು ಸೆಕೆಂಡು ಬಾಕಿ ಇತ್ತು. ಆಮೆ ಎತ್ತಿದ ಕಾಲನ್ನು ನಿಧಾನವಾಗಿ ಹಿಂದಕ್ಕೆ, ಆರನೇ ಹಲಗೆಯ ಮೇಲೇ ಇಟ್ಟಿತು. ಬೆನ್ನಿನ ಲಾಂದ್ರ ಸರಿಮಾಡಿಕೊಂಡಿತು. ಅಲ್ಲೇ ಕೂತು, ಒಂದು ಆಕಳಿಕೆ ತೆಗೆದು, ಚಿಪ್ಪಿನೊಳಗೆ ತಲೆ ಎಳೆದುಕೊಂಡಿತು. ಮುಂದುವರಿಯುವುದು, ಎಂದು ಅಕ್ಷರ ಮೂಡಿತು. ಪರದೆ ಕಪ್ಪಾಯಿತು.

ಹೆಂಡತಿ, "ಅಂದರೆ ಇಷ್ಟು ವರ್ಷ ಕಾಲೆತ್ತಿಕೊಂಡು ನಿಂತಿದ್ದದ್ದು ನೀವೊಬ್ಬರೇ ಕಣ್ರೀ," ಎಂದರು. "ಅದು ಆರಾಮಾಗಿ ಮಲಗಿತ್ತು."

ಪೂರ್ಣವಿರಾಮದವರು ನಗಲು ಹೋದರು, ಅದು ಸರಿಯಾಗಿ ಬರಲಿಲ್ಲ, ಕನ್ನಡಕ ಒರೆಸಿಕೊಂಡರು. ಅಕ್ಕ ಎದ್ದು ಟಿವಿ ಆರಿಸಿ ಬಂದರು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡರು. ಸೀರೆ ಸರಿಮಾಡಿಕೊಂಡು ಆ ಕಾಲನ್ನು ಅದರ ಮೇಲಿಟ್ಟು, ದಿಂಬಿಗೆ ಒರಗಿದರು.

"ಸರಿ," ಎಂದರು. "ನಲವತ್ತು."

ಪೂರ್ಣವಿರಾಮದವರು ಹೆಂಡತಿಯ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು, ಆಮೇಲೆ ನೆಲದ ಮೇಲೆ, ಮೊದಲು ಕೂರುತ್ತಿದ್ದ ಹಾಗೆಯೇ, ಅಕ್ಕನ ಕಾಲ ಬಳಿ ಕೂತರು.

"ಆಮೆ ಎದ್ದು ನೋಡುತ್ತೆ. ಆಗ ಒಂದು ಜೇನುಹುಳ ಹಲಗೆ ಹೊತ್ತುಕೊಂಡು ಬರುತ್ತೆ."

"ಒಂದಲ್ಲ," ಎಂದರು ಅಕ್ಕ ಕಣ್ಣು ಮುಚ್ಚಿಕೊಂಡು. "ಮೂರು. ಟೋಪಿ ಹಾಕಿಕೊಂಡಿದ್ದವು. ಸರಿಯಾಗಿ ಹೇಳು."